ಕ್ಯಾನರಿ ಹಾಡಬೇಕಾ? ಮೊದಲು ರಾತ್ರಿ ಲೈಟ್ ಆರಿಸಿ

‘ಹಕ್ಕಿ ಚೆನ್ನಾಗಿ ತಿನ್ನುತ್ತೆ, ಹಾರುತ್ತೆ, ಆದರೆ ಹಾಡೋದೇ ಇಲ್ಲ.’ ಕ್ಯಾನರಿ ಎಂಬ ಹಾಡುಹಕ್ಕಿ ತಂದವರ ದೂರು ಸಾಮಾನ್ಯವಾಗಿ ಇದೇ. ಬಹಳಷ್ಟು ಸಲ ಹಕ್ಕಿಯಲ್ಲಿ ದೋಷ ಇರುವುದಿಲ್ಲ.

ಕೊಳ್ಳುವಾಗಲೇ ಶುರು ಮಾಡೋಣ. ಪೂರ್ತಿ ಹಾಡುವುದು ಗಂಡು. ಹೆಣ್ಣು ಸಾಮಾನ್ಯವಾಗಿ ಚಿಲಿಪಿಲಿಗೇ ನಿಲ್ಲುತ್ತದೆ. ಬಣ್ಣ ನೋಡಿ ಗಂಡೋ ಹೆಣ್ಣೋ ಹೇಳುವುದು ಕಷ್ಟ. ಹಾಗಾಗಿ ಹಾಡು ಕಿವಿಯಾರೆ ಕೇಳಿಯೇ ದುಡ್ಡು ಕೊಡಿ. ಮನೆ ಚಿಕ್ಕದಿದ್ದರೆ ಜರ್ಮನಿಯ ಹಾರ್ಜ್ ರೋಲರ್ ತಳಿ ಒಳ್ಳೆಯದು. ಕೊಕ್ಕು ಹೆಚ್ಚು ತೆರೆಯದೆ ಮೆತ್ತಗೆ ಹಾಡುತ್ತದೆ. ಸ್ಪೇನಿನ ಟಿಂಬ್ರಾಡೊ ತಳಿಯ ದನಿ ಜೋರು.

ಪಂಜರ ಎತ್ತರಕ್ಕಿಂತ ಅಗಲ ಜಾಸ್ತಿ ಇರಲಿ. ಕ್ಯಾನರಿ ಅಡ್ಡಡ್ಡ ಹಾರುತ್ತದೆ, ಗೋಪುರದಂಥ ಪಂಜರ ನೋಡೋಕೆ ಮಾತ್ರ ಚೆಂದ. ಒಂದು ಪಂಜರಕ್ಕೆ ಒಂದೇ ಗಂಡು, ಎರಡಿಟ್ಟರೆ ಜಗಳ. ಗಾಳಿ ನೇರವಾಗಿ ಬಡಿಯುವ ಕಡೆ ಬೇಡ. ಅಡುಗೆಮನೆಯಂತೂ ಬೇಡವೇ ಬೇಡ. ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಯ ಜೀವ ತೆಗೆಯಬಲ್ಲದು. ವಿಷಗಾಳಿ ಇವುಗಳಿಗೆ ಎಷ್ಟು ಬೇಗ ತಟ್ಟುತ್ತದೆ ಎಂದರೆ, ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಅಪಾಯ ತಿಳಿಯಲು ಕ್ಯಾನರಿಗಳನ್ನೇ ಇಡುತ್ತಿದ್ದರು.

ಊಟಕ್ಕೆ ಕ್ಯಾನರಿ ಕಾಳು, ದಿನಾ ಹಸಿರು ಸೊಪ್ಪು, ಹೊಸ ನೀರು. ಅವಕಾಡೊ ಕೊಡಲೇಬೇಡಿ, ಅದು ವಿಷ. ಇನ್ನೊಂದು ಮಾತು: ಹಕ್ಕಿ ಕಾಳು ಸುಲಿದು ಸಿಪ್ಪೆಯನ್ನು ಬಟ್ಟಲಲ್ಲೇ ಬಿಡುತ್ತದೆ. ತುಂಬಿದ ಹಾಗೆ ಕಾಣುತ್ತೆ, ಕೆಳಗೆ ಕಾಳೇ ಇರಲ್ಲ. ದಿನಾ ಉಫ್ ಎಂದು ಊದಿ ನೋಡಿ.

ಈಗ ಮುಖ್ಯ ವಿಷಯ, ಬೆಳಕು. ಹಗಲು ಉದ್ದವಾಗುತ್ತಾ ಹೋದಂತೆ ಗಂಡಿನ ಮೈಯಲ್ಲಿ ಹಾರ್ಮೋನ್ ಏರುತ್ತದೆ, ಹಾಡೂ ಏರುತ್ತದೆ. ನಾವು ನಡುರಾತ್ರಿವರೆಗೆ ಟಿವಿ, ಲೈಟ್ ಹಾಕಿಕೊಂಡು ಕೂತರೆ ಅದಕ್ಕೆ ಯಾವ ಕಾಲ ಅಂತಲೇ ಗೊತ್ತಾಗುವುದಿಲ್ಲ. ಹೊತ್ತಲ್ಲದ ಹೊತ್ತಲ್ಲಿ ಗರಿ ಉದುರತೊಡಗುತ್ತದೆ. ಸಂಜೆ ಕತ್ತಲಾದ ಮೇಲೆ ಪಂಜರ ಕತ್ತಲ ಕೋಣೆಯಲ್ಲಿರಲಿ, ಇಲ್ಲವೇ ಗಾಳಿಯಾಡುವ ಬಟ್ಟೆ ಮುಚ್ಚಿ.

ಬೇಸಿಗೆಯ ಕೊನೆಗೆ ಗರಿ ಬದಲಾಗುವಾಗ ಹಾಡು ನಿಲ್ಲುವುದು ಸಹಜ. ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಕನ್ನಡಿ ಇಟ್ಟು, ರೆಕಾರ್ಡ್ ಹಾಕಿ ಅದನ್ನು ಕಾಡಬೇಡಿ. ಬೇಯಿಸಿದ ಮೊಟ್ಟೆ ಸ್ವಲ್ಪ ಕೊಡಿ, ಸ್ನಾನಕ್ಕೆ ನೀರಿಡಿ, ಸುಮ್ನೆ ಬಿಡಿ. ಮುಂದೆ ಅದು ಗುನುಗುತ್ತಾ ಅಭ್ಯಾಸ ಶುರುಮಾಡುತ್ತದೆ. ಆ ಗುನುಗು ಕೇಳುವುದೇ ನನಗೆ ಹೆಚ್ಚು ಇಷ್ಟ, ಯಾಕೆಂದರೆ ಹೊಸ ಸ್ವರಗಳು ಸೇರುವುದು ಆಗಲೇ. ಬೆಳೆದ ಕ್ಯಾನರಿಗಳ ಮಿದುಳಿನಲ್ಲೂ ಹೊಸ ನರಕೋಶ ಹುಟ್ಟುತ್ತವೆ ಎಂದು ವಿಜ್ಞಾನಿ ಫರ್ನಾಂಡೋ ನಾಟೆಬಾಮ್ 1980ರ ದಶಕದಲ್ಲಿ ತೋರಿಸಿದ್ದು ಈ ಹಾಡಿನ ಬೆನ್ನು ಹತ್ತಿಯೇ.

ಗರಿ ಉದುರುವ ಕಾಲವಲ್ಲದಿದ್ದರೂ ಹಾಡು ನಿಂತು, ಹಕ್ಕಿ ಮೈ ಉಬ್ಬಿಸಿ ಕೂತರೆ, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡಿದರೆ ಅಥವಾ ಟಿಕ್ ಟಿಕ್ ಸದ್ದು ಬಂದರೆ, ನಾಳೆ ನೋಡೋಣ ಅನ್ನಬೇಡಿ. ಹಕ್ಕಿಗಳು ಕಾಯಿಲೆಯನ್ನು ಕೊನೆವರೆಗೂ ಮುಚ್ಚಿಡುತ್ತವೆ. ಅವತ್ತೇ ಪಶುವೈದ್ಯರಿಗೆ ತೋರಿಸಿ.