ದಿನಕ್ಕೊಂದು ಪುಟ ನನ್ನ ಕೈ ಹಿಡಿದ ಬಗೆ

ಆ ತಾರೀಖಿನ ಇತಿಹಾಸ, ಆ ದಿನದ ಆಚರಣೆ, ಕೊನೆಗೆ ನನ್ನದೇ ನಾಲ್ಕು ಮಾತು. ಈ ಮೂರನ್ನೂ ಒಂದೇ ಪುಟಕ್ಕೆ ಹಾಕಿ ದಿನಾ ಬೆಳಿಗ್ಗೆ ಚಂದಾದಾರರಿಗೆ ಕಳಿಸುತ್ತೇನೆ. ಶುರು ಮಾಡಿದಾಗ ಇದೇ ಕೆಲಸದಲ್ಲಿ ಪಳಗಿದ ಗೆಳೆಯರು ಬೇಡ ಅಂದಿದ್ದರು. ಇತಿಹಾಸ ಬೇಕಾದವರಿಗೆ ನಿನ್ನ ಮಾತು ಬೇಡ, ನಿನ್ನ ಮಾತು ಬೇಕಾದವರು ಯಾರೂ ಇಲ್ಲ ಅಂತ ಅವರ ವಾದ. ಈಗ ನಾಲ್ಕೈದು ವರ್ಷವಾಯಿತು. ಚಂದಾ ಮುಗಿದವರಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಎಪ್ಪತ್ತು ಜನ ಮತ್ತೆ ದುಡ್ಡು ಕಟ್ಟುತ್ತಾರೆ. ಬೇಡ ಅಂದವರಲ್ಲಿ ಇಬ್ಬರು ಈಗ ಚಂದಾದಾರರು. ಇದನ್ನು ಬರೆಯದೆ ಬಿಡೋಕೆ ಮನಸ್ಸಾಗಲಿಲ್ಲ.

ತಾರೀಖುವಾರು ಸಂಗತಿ ಬರೆದಿಡುವ ಕಾರ್ಡು, ಸ್ಪ್ರೆಡ್‌ಶೀಟು, ತಿಂಗಳವಾರು ಫೋಲ್ಡರು ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ. ದುಡ್ಡು ಎಲ್ಲಿ ಹೋಯಿತು ಅನ್ನೋದನ್ನು ಮೊದಲು ಹೇಳುತ್ತೇನೆ.

ಮೊದಲ ಪೆಟ್ಟು ರೆಡಿಮೇಡ್ ತಾರೀಖು ಪಟ್ಟಿಯಿಂದ ಬಿತ್ತು. ಅರ್ಧ ತಿಂಗಳ ಸಂಬಳ ಕೊಟ್ಟು ಒಂದು ಪಟ್ಟಿ ಕೊಂಡೆ. ದಿನಕ್ಕೆ ಮೂವತ್ತು ನಲವತ್ತು ಸಾಲು. ಮುಕ್ಕಾಲು ಪಾಲು ಹುಟ್ಟುಹಬ್ಬಗಳೇ. ಒಂದೇ ಘಟನೆ ಎರಡೆರಡು ತಾರೀಖಿನಲ್ಲಿತ್ತು. ನ್ಯೂಟನ್ ಅದರಲ್ಲಿ 1642ರ ಡಿಸೆಂಬರ್ 25ಕ್ಕೂ ಹುಟ್ಟಿದ್ದ, 1643ರ ಜನವರಿ 4ಕ್ಕೂ ಹುಟ್ಟಿದ್ದ. ಮೊದಲನೆಯದು ಹಳೇ ಜೂಲಿಯನ್ ಕ್ಯಾಲೆಂಡರಿನ ಲೆಕ್ಕ, ಎರಡನೆಯದು ಈಗ ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿನ ಲೆಕ್ಕ. ಎರಡೂ ಸರಿಯೇ, ಆದರೆ ಯಾವುದು ಯಾವ ಲೆಕ್ಕ ಅಂತ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಅಂತ ಎಲ್ಲರೂ ಹೇಳೋದುಂಟಲ್ವಾ? ಗೆಲಿಲಿಯೋ ತೀರಿಕೊಂಡಿದ್ದು ಹೊಸ ಲೆಕ್ಕದಲ್ಲಿ 1642ರ ಜನವರಿ 8. ಇಬ್ಬರಿಗೂ ಒಂದೇ ಲೆಕ್ಕ ಇಟ್ಟರೆ ಆ ಕತೆ ಒಂದು ವರ್ಷ ಆಚೆ ಹೋಗುತ್ತದೆ. ಈ ಒಂದು ಸಾಲಿನಿಂದ ಒಳ್ಳೇ ಪುಟ ಹುಟ್ಟಿತು ಅನ್ನೋದು ಬೇರೆ ಮಾತು.

ಎರಡನೇ ಪೆಟ್ಟು ಅಚ್ಚು ಮಾಡಿಸಿದ ಡೈರಿ. ದಿನಕ್ಕೊಂದು ಪುಟ ಅಂತ ಇಡೀ ವರ್ಷದ್ದು. ಎರಡು ತಿಂಗಳ ಸಂಬಳ ಹೋಯಿತು. ಅಚ್ಚಿನವರು ಕೊಟ್ಟಾಗ ಜನವರಿ ಅರ್ಧ ದಾಟಿತ್ತು. ತಾರೀಖು ಹಾಕಿದ ಡೈರಿಯನ್ನು ಫೆಬ್ರವರಿಯಲ್ಲಿ ಯಾರು ಕೊಳ್ಳುತ್ತಾರೆ? ಮೂರರಲ್ಲಿ ಒಂದು ಪಾಲು ಹೋಗಿರಬಹುದು. ಉಳಿದವುಗಳ ಹಿಂಬದಿ ಖಾಲಿ ಇದೆ, ನನ್ನ ಕಚ್ಚಾ ಬರವಣಿಗೆ ಇವತ್ತಿಗೂ ಅದರ ಮೇಲೆಯೇ.

ಬರವಣಿಗೆಯೂ ಸುಲಭಕ್ಕೆ ಹದಕ್ಕೆ ಬರಲಿಲ್ಲ. ಮೊದಲು ದಿನಕ್ಕೆ ಹತ್ತು ಘಟನೆ ಕೊಡುತ್ತಿದ್ದೆ. ಯಾರೂ ಉತ್ತರ ಬರೆಯುತ್ತಿರಲಿಲ್ಲ. ಐದಕ್ಕೆ ಇಳಿಸಿದೆ, ಮೂರಕ್ಕೆ ಇಳಿಸಿದೆ. ಒಂದಕ್ಕೆ ಇಳಿಸಿದ ವಾರವೇ ಓಲೆಗಳು ಬರೋಕೆ ಶುರುವಾದವು. ಆಮೇಲೆ ಕೆಲಸ ಹಗುರ ಮಾಡಿಕೊಳ್ಳೋಣ ಅಂತ ನನ್ನ ಮಾತನ್ನೂ ತಿಂಗಳ ಮುಂಚೆಯೇ ಬರೆದಿಟ್ಟು ನೋಡಿದೆ. ಹೊರಗೆ ಧಾರಾಕಾರ ಮಳೆ, ನನ್ನ ಪುಟದಲ್ಲಿ ‘ಈ ಸುಡುಬಿಸಿಲಲ್ಲಿ’ ಅಂತ ಹೋಯಿತು. ಅದು ಹೋಗಲಿ, ಓದುವವರಿಗೆ ವಾಸನೆ ಗೊತ್ತಾಗುತ್ತದೆ. ಬರೆದಿಟ್ಟ ಪುಟಗಳಿಗೆ ಉತ್ತರ ಅರ್ಧಕ್ಕಿಂತ ಕಡಿಮೆ.

ಕೊನೆಗೆ ಕೈ ಹಿಡಿದಿದ್ದು ಇದು: ಇತಿಹಾಸ ಎಷ್ಟು ಬೇಕಾದರೂ ಮುಂಚೆ ಕೂಡಿಡಬಹುದು, ಮಾತನ್ನು ಮಾತ್ರ ಅವತ್ತೇ ಬರೆಯಬೇಕು. ಆ ಮಾತು ಘಟನೆಯ ದೊಡ್ಡತನದ ಮೇಲೆ ನಿಲ್ಲಬಾರದು, ಅದರೊಳಗಿನ ಒಂದು ಸಣ್ಣ ಸಂಗತಿಯ ಮೇಲೆ ನಿಲ್ಲಬೇಕು.

ಡಿಸೆಂಬರ್ 17 ತಗೊಳ್ಳಿ. 1903ರಲ್ಲಿ ರೈಟ್ ಸಹೋದರರು ಹಾರಿದ ದಿನ. ‘ಕನಸು ಕಂಡರೆ ಹಾರಬಹುದು’ ಅಂತ ಯಾರು ಬೇಕಾದರೂ ಬರೆಯುತ್ತಾರೆ. ನನ್ನ ಕಾರ್ಡಿನಲ್ಲಿ ಇದ್ದದ್ದು ಇಷ್ಟು: ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಅವತ್ತು ಒಟ್ಟು ನಾಲ್ಕು ಹಾರಾಟ, ಕೊನೆಯದು 59 ಸೆಕೆಂಡು, 852 ಅಡಿ. ಆಮೇಲೆ ಗಾಳಿ ಬೀಸಿ ವಿಮಾನ ಉರುಳಿಬಿತ್ತು, ಮತ್ತೆಂದೂ ಹಾರಲಿಲ್ಲ. ಮೊದಲ ಹಾರಾಟದ ಆ ಪ್ರಸಿದ್ಧ ಫೋಟೋ ತೆಗೆದದ್ದು ಸಮುದ್ರತೀರದ ರಕ್ಷಣಾ ಠಾಣೆಯ ಜಾನ್ ಡೇನಿಯಲ್ಸ್. ಕ್ಯಾಮೆರಾ ಇಟ್ಟು ಗುರಿ ಹೊಂದಿಸಿದ್ದು ಸಹೋದರರಲ್ಲಿ ಒಬ್ಬನಾದ ಆರ್ವಿಲ್, ಗುಂಡಿ ಒತ್ತಿದ್ದು ಡೇನಿಯಲ್ಸ್. ಅದಕ್ಕೂ ಮುಂಚೆ ಆತ ಕ್ಯಾಮೆರಾ ಮುಟ್ಟಿದವನೇ ಅಲ್ಲ. ನನ್ನ ಮಾತು ಆ ಗುಂಡಿಯಿಂದ ಶುರುವಾಯಿತು. ನಮ್ಮ ಮನೆಯ ಹಳೇ ಫೋಟೋಗಳಲ್ಲೂ ಒಬ್ಬರು ಯಾವತ್ತೂ ಕಾಣಲ್ಲ, ತೆಗೆದವರು ಅವರೇ. ಅಷ್ಟೇ, ಏಳೆಂಟು ಸಾಲು. ಆ ವಾರ ಬಂದಷ್ಟು ಓಲೆ ಬೇರೆ ಯಾವಾಗಲೂ ಬಂದಿಲ್ಲ. ಎಷ್ಟೋ ಜನ ಆಲ್ಬಮ್ ತೆಗೆದು, ಅದರಲ್ಲಿ ಇಲ್ಲದವರ ಬಗ್ಗೆ ಬರೆದು ಕಳಿಸಿದ್ದರು.

ಆಚರಣೆಗಳದ್ದು ದೊಡ್ಡ ತಲೆನೋವು. ವಿಶ್ವಸಂಸ್ಥೆಯ ಪಟ್ಟಿಯಲ್ಲೇ ಇನ್ನೂರು ಚಿಲ್ಲರೆ ದಿನಗಳಿವೆ. ಮಾರ್ಚ್ 21 ಒಂದಕ್ಕೇ ಕಾಡು, ಕವಿತೆ, ಡೌನ್ ಸಿಂಡ್ರೋಮ್, ನೌರೂಜ್, ವರ್ಣಭೇದ ವಿರೋಧ ಎಲ್ಲ ಬಂದು ಕೂತಿವೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಇದೇ ತಾರೀಖು ಯಾಕೆ? ಉತ್ತರ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ವರ್ಣಭೇದ ವಿರೋಧಿ ದಿನಕ್ಕೆ ಉತ್ತರ ಇದೆ. 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು, 69 ಜನ ಸತ್ತರು. ಫೆಬ್ರವರಿ 21ರ ಮಾತೃಭಾಷಾ ದಿನಕ್ಕೂ ಇದೆ. 1952ರಲ್ಲಿ ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಬೀದಿಗಿಳಿದ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. ಅಕ್ಟೋಬರ್ 9ರ ಅಂಚೆ ದಿನಕ್ಕೆ 1874ರಲ್ಲಿ ಬರ್ನ್ ನಗರದಲ್ಲಿ ಆದ ಒಪ್ಪಂದ ಇದೆ. ಈ ಜರಡಿ ಹಿಡಿದ ಮೇಲೆ ವರ್ಷದ ಅರ್ಧಕ್ಕರ್ಧ ದಿನ ಆಚರಣೆಯ ಜಾಗ ಖಾಲಿ. ಖಾಲಿಯೇ ಬಿಡುತ್ತೇನೆ. ಯಾರೂ ಕೇಳಿಲ್ಲ.

ತಾರೀಖು ತಾಳೆ ನೋಡುವುದಕ್ಕೆ ಹೋಗುವ ಹೊತ್ತು ಬರೆಯುವುದಕ್ಕಿಂತ ಜಾಸ್ತಿ. ಏಪ್ರಿಲ್ 23 ವಿಶ್ವ ಪುಸ್ತಕ ದಿನ, 1616ರಲ್ಲಿ ಇಂಗ್ಲೆಂಡಿನ ಶೇಕ್ಸ್‌ಪಿಯರ್, ಸ್ಪೇನಿನ ಲೇಖಕ ಸರ್ವಾಂಟಿಸ್ ಇಬ್ಬರೂ ಒಂದೇ ದಿನ ಸತ್ತರು ಅಂತ ಪ್ರತಿ ವರ್ಷ ಎಲ್ಲ ಕಡೆ ಓಡಾಡುತ್ತದೆ. ಸ್ಪೇನ್ 1582ರಲ್ಲೇ ಹೊಸ ಕ್ಯಾಲೆಂಡರಿಗೆ ಬಂದಿತ್ತು. ಇಂಗ್ಲೆಂಡ್ ಬಂದಿದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನವನ್ನೇ 14 ಅಂತ ಎಣಿಸಿ. ಹಾಗಾಗಿ 1616ರಲ್ಲಿ ಇಬ್ಬರ ನಡುವೆ ಹತ್ತು ದಿನದ ಅಂತರ. ಸಾಲದ್ದಕ್ಕೆ ಸರ್ವಾಂಟಿಸ್ ತೀರಿಕೊಂಡಿದ್ದು 22ಕ್ಕೆ, ಮಣ್ಣು ಮಾಡಿದ್ದು 23ಕ್ಕೆ ಅಂತ ಈಗ ಹೆಚ್ಚಿನವರು ಒಪ್ಪುತ್ತಾರೆ. ಗಂಟೆಯ ಜಗಳವೂ ಇದೆ. ಅಪೊಲೊ 11 ಚಂದ್ರನ ಮೇಲೆ ಇಳಿದದ್ದು ಜಾಗತಿಕ ಸಮಯದಲ್ಲಿ 1969ರ ಜುಲೈ 20, ರಾತ್ರಿ ಎಂಟೂಕಾಲು ದಾಟಿದ ಮೇಲೆ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ಅದೇ ಗಡಿಯಾರದಲ್ಲಿ 21 ಆಗಿತ್ತು, ಅಮೆರಿಕದಲ್ಲಿ ಇನ್ನೂ 20. ಎರಡೂ ದಿನ ನನಗೆ ಬೈಗುಳ ಬಂದಿದೆ. ಈಗ ಇಳಿದದ್ದನ್ನು 20ಕ್ಕೆ, ಹೆಜ್ಜೆಯನ್ನು 21ಕ್ಕೆ ಹಾಕುತ್ತೇನೆ. ಒಂದು ಘಟನೆಗೆ ಎರಡು ಪುಟ ಸಿಕ್ಕ ಹಾಗೂ ಆಯಿತು.

ನಡುವೆ ಸುಮ್ನೆ ಕೆಲವು ಆಟ ಆಡಿದೆ. ಒಂದು ತಿಂಗಳು ಪೂರ್ತಿ ಸೋತವರದ್ದೇ ಹಾಕಿದೆ. ರೈಟ್ ಸಹೋದರರಿಗಿಂತ ಒಂಬತ್ತು ದಿನ ಮುಂಚೆ, ಡಿಸೆಂಬರ್ 8ಕ್ಕೆ, ಅಮೆರಿಕದ ವಿಜ್ಞಾನಿ ಲ್ಯಾಂಗ್ಲಿಯ ವಿಮಾನ ಪೊಟೊಮ್ಯಾಕ್ ನದಿಗೆ ಬಿತ್ತು. ಅದಕ್ಕೆ ಅಮೆರಿಕದ ಯುದ್ಧ ಇಲಾಖೆ ಸುಮಾರು 50,000 ಡಾಲರ್ ಕೊಟ್ಟಿತ್ತು. ರೈಟ್ ಸಹೋದರರು ತಮ್ಮ ಕಿಸೆಯಿಂದ ಸುಮಾರು ಸಾವಿರ ಡಾಲರ್‌ನಲ್ಲೇ ಮುಗಿಸಿದ್ದರು. ನನ್ನ ಡೈರಿ ನೆನಪಾಗಿ ಆ ಪುಟ ಚೆನ್ನಾಗಿಯೇ ಬಂತು. ಆದರೆ ಮೂರನೇ ವಾರಕ್ಕೆ ಜನ ಸುಸ್ತಾದರು, ಚಂದಾ ಬಿಟ್ಟವರೂ ಉಂಟು. ಸೋಲು ವಾರಕ್ಕೊಂದು ಸಾಕು.

ಇನ್ನೊಂದು ಆಟ ವಾರದ ಲೆಕ್ಕ. ಗ್ರೆಗೋರಿಯನ್ ಕ್ಯಾಲೆಂಡರ್ 400 ವರ್ಷಕ್ಕೊಮ್ಮೆ ವಾರದ ಸಮೇತ ತಿರುಗಿ ಬರುತ್ತದೆ, ಯಾಕಂದ್ರೆ ಆ 1,46,097 ದಿನ ಏಳರಿಂದ ಸರಿಯಾಗಿ ಭಾಗವಾಗುತ್ತದೆ. ಅಷ್ಟರಲ್ಲಿ 13ನೇ ತಾರೀಖು 4,800 ಸಲ ಬರುತ್ತದೆ. ಅದರಲ್ಲಿ ಶುಕ್ರವಾರಕ್ಕೇ ಎಲ್ಲಕ್ಕಿಂತ ಜಾಸ್ತಿ, 688 ಸಲ. ಅಪಶಕುನ ಅನ್ನುವವರ ಕಡೆಗೆ ಗಣಿತವೂ ವಾಲಿದೆ ಅಂತ ಬರೆದಿದ್ದೆ. ಮಕ್ಕಳಿರುವ ಮನೆಗಳಲ್ಲಿ ಅದು ಚೆನ್ನಾಗಿ ಓಡಿತು.

ಏನೂ ಸಿಗದ ತಾರೀಖುಗಳಿಗೆ ಹೆದರಬೇಡಿ. 1930ರ ಏಪ್ರಿಲ್ 18ರ ಸಂಜೆ ಬಿಬಿಸಿ ರೇಡಿಯೋದಲ್ಲಿ ಸುದ್ದಿಯ ಹೊತ್ತಿಗೆ ಬಂದದ್ದು ‘ಇವತ್ತು ಸುದ್ದಿ ಇಲ್ಲ’ ಅನ್ನುವ ಮಾತು. ಉಳಿದ ಹೊತ್ತು ಪಿಯಾನೋ ನುಡಿಸಿದರು. ಆ ತಾರೀಖಿನ ಪುಟದಲ್ಲಿ ನನ್ನ ಮಾತನ್ನು ಎರಡೇ ಸಾಲಿಗೆ ನಿಲ್ಲಿಸಿ ಉಳಿದ ಪುಟ ಬಿಳಿ ಬಿಟ್ಟೆ. ಪುಟ ಪೂರ್ತಿ ಬಂದಿಲ್ಲ ಅಂತ ದೂರು ಬಂತು, ಪರವಾಗಿಲ್ಲ.

ಈಗಿನ ಲೆಕ್ಕ ಹೇಳಿಬಿಡುತ್ತೇನೆ. ಮೊದಲ ವರ್ಷದ ಚಂದಾ ಆ ಪಟ್ಟಿಯ ಖರ್ಚಿಗೂ ಸಾಲಲಿಲ್ಲ. ಡೈರಿಯ ಸಾಲ ಮೂರನೇ ವರ್ಷದ ಹೊತ್ತಿಗೆ ತೀರಿತು. ಈಗ ಪುಸ್ತಕದ ಖರ್ಚು ಕಳೆದು ಮನೆ ಬಾಡಿಗೆಯ ಕಾಲು ಭಾಗದಷ್ಟು ಉಳಿಯುತ್ತದೆ. ಬೆಳಿಗ್ಗೆ ಮುಕ್ಕಾಲು ಗಂಟೆಯ ಕೆಲಸಕ್ಕೆ ಇದು ಕಮ್ಮಿ ಏನಲ್ಲ. ತಾಳೆ ನೋಡುವ ಭಾನುವಾರಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾರ್ಡು ಕೊಡಿ ಅಂತ ಕೇಳುವವರು ಇದ್ದಾರೆ. ತಾರೀಖಿನ ಕಾರ್ಡು ಸಂತೋಷವಾಗಿ ಕೊಡುತ್ತೇನೆ, ಫೆಬ್ರವರಿ 29ರದ್ದೂ ಸೇರಿಸಿ. ಮೇ ಎರಡನೇ ಭಾನುವಾರದ ಅಮ್ಮಂದಿರ ದಿನ, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುವ ರಂಜಾನ್, ಹುಣ್ಣಿಮೆ ನೋಡಿ ನಿಗದಿಯಾಗುವ ಈಸ್ಟರ್ ಇಂಥವಕ್ಕೆ ಬೇರೆಯೇ ಒಂದು ಪೆಟ್ಟಿಗೆ ಇದೆ. ಅದು ತಾರೀಖಿನ ಪೆಟ್ಟಿಗೆಯ ಜೊತೆ ಡಿಕ್ಕಿ ಹೊಡೆಯದ ಹಾಗೆ ಜೋಡಿಸೋಕೆ ಎರಡು ವರ್ಷ ಹಿಡಿಯಿತು. ಆ ಜೋಡಣೆ ಮಾತ್ರ ಕೇಳಬೇಡಿ, ಕೊಡೋದಿಲ್ಲ.