ಬೀಡಿನ ವಾಲ್ವಿಗೆ ಬೂಮ್ ನಿಂತಿತು: 1:14 ಎಕ್ಸ್‌ಕವೇಟರ್, ನನ್ನ ಅನುಭವ

ನನ್ನದು ನಿಜವಾದ ಅಗೆಯುವ ಯಂತ್ರದ ಹದಿನಾಲ್ಕನೇ ಒಂದು ಅಳತೆಯ ಮಾದರಿ; ರೇಡಿಯೋದಿಂದ ನಡೆಸುವುದು, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವುದು. ಬಕೆಟ್ ತುಂಬಿಸಿ, ಬೂಮ್ (ಬಕೆಟ್ ಹೊರುವ ದೊಡ್ಡ ತೋಳು) ಎತ್ತಿ, ಪಂಪು ನಿಲ್ಲಿಸಿದರೆ ಬಕೆಟ್ಟಿನ ತುದಿ ಈಗ ನಿಮಿಷಕ್ಕೆ ನಾಲ್ಕೈದು ಮಿಲಿಮೀಟರ್ ಇಳಿಯುತ್ತದೆ, ಅಷ್ಟೇ. ಎಣ್ಣೆಯನ್ನು ಸಿಲಿಂಡರುಗಳಿಗೆ ಹಂಚುವ ವಾಲ್ವ್ ಪೂರ್ತಿ ಮನೆಯ ಲೇತಿನಲ್ಲೇ ಆದದ್ದು. ಬೀಡು ಕಬ್ಬಿಣದಲ್ಲಿ ಮಾಡುತ್ತೇನೆ ಎಂದಾಗ ತುಕ್ಕು ಹಿಡಿಯುತ್ತದೆ, ಮರೆ (ತಿರುಪಿನ ಸುತ್ತು) ಕಿತ್ತುಹೋಗುತ್ತದೆ, ಹಿತ್ತಾಳೆ ಬಿಟ್ಟು ಇದೇನು ಹುಚ್ಚು ಎಂದವರೇ ಹೆಚ್ಚು. ಸದಾ ಎಣ್ಣೆಯಲ್ಲಿ ಮುಳುಗಿರುವ ವಸ್ತುವಿಗೆ ಎಲ್ಲಿಯ ತುಕ್ಕು?

ಒತ್ತಡಕ್ಕೆ ಯಾರೂ ಹೆದರಬೇಕಿಲ್ಲ. ದೊಡ್ಡ ಯಂತ್ರದಲ್ಲಿ 350 ಬಾರ್ ಇದ್ದರೆ, ತೂಕ 14ರ ಘನದಷ್ಟೂ ಪಿಸ್ಟನ್ನಿನ ವಿಸ್ತೀರ್ಣ 14ರ ವರ್ಗದಷ್ಟೂ ಕುಗ್ಗುವುದರಿಂದ ಮಾದರಿಗೆ 25 ಬಾರ್ ಸಾಕು. ಉಕ್ಕಿನ ತಗಡು ದಪ್ಪವಾಗಿ ತೂಕ ಹೆಚ್ಚಿತೆಂದು ನಾನು 30ಕ್ಕೆ ಇಟ್ಟಿದ್ದೇನೆ. 12 ಮಿ.ಮೀ. ಬೋರಿನ (ಒಳವ್ಯಾಸದ) ಸಿಲಿಂಡರ್ ಆ ಒತ್ತಡದಲ್ಲಿ ಹೆಚ್ಚುಕಡಿಮೆ 34 ಕಿಲೋ ನೂಕುತ್ತದೆ. ಬೂಮಿಗೆ ಅಂಥವು ಎರಡು.

ತೊಂದರೆ ಇರುವುದು ಸೋರಿಕೆಯಲ್ಲಿ. ಸ್ಪೂಲಿಗೂ (ವಾಲ್ವಿನೊಳಗೆ ಜಾರುತ್ತ ಎಣ್ಣೆಯ ದಾರಿ ತೆರೆದು ಮುಚ್ಚುವ ಕಡ್ಡಿ) ಅದು ಜಾರುವ ಬೋರಿಗೂ ನಡುವಿನ ಸಂದು ಎರಡರಷ್ಟಾದರೆ ಸೋರಿಕೆ ಎಂಟರಷ್ಟಾಗುತ್ತದೆ. 6 ಮಿ.ಮೀ. ಸ್ಪೂಲಿಗೆ ವ್ಯಾಸದಲ್ಲಿ 5 ಮೈಕ್ರಾನ್ ಸಂದು ಹಿಡಿದೆವು ಅನ್ನಿ. ಹಿತ್ತಾಳೆಯ ಬಾಡಿ ಉಕ್ಕಿನ ಸ್ಪೂಲಿಗಿಂತ ಬೇಗ ಹಿಗ್ಗುತ್ತದೆ. 20 ಡಿಗ್ರಿಯಿಂದ 60ಕ್ಕೆ ಏರುವಷ್ಟರಲ್ಲಿ 5 ಇದ್ದ ಸಂದು 6.7 ಆಗಿ, ಅದೊಂದರಿಂದಲೇ ಸೋರಿಕೆ 2.4 ಪಟ್ಟು. ಅಲ್ಯೂಮಿನಿಯಂ ಆದರೆ ಮೂರೂವರೆ ಪಟ್ಟು. ಅದರ ಮೇಲೆ ಎಣ್ಣೆ ಬೇರೆ ತೆಳುವಾಗುತ್ತದೆ: 40 ಡಿಗ್ರಿಯಿಂದ 60ಕ್ಕೆ ಹೋದರೆ 32ರ ಗ್ರೇಡಿನ ಹೈಡ್ರಾಲಿಕ್ ಎಣ್ಣೆಯ ಮಂದ ಅರ್ಧಕ್ಕಿಂತ ಕೆಳಗೆ. ತಣ್ಣಗಿದ್ದಾಗ ಚೆನ್ನಾಗಿ ನಿಂತ ಬೂಮ್ ಹತ್ತು ನಿಮಿಷ ಅಗೆದ ಮೇಲೆ ಕುಸಿಯುವುದು ಇದಕ್ಕೇ. ಓ-ರಿಂಗ್ ಬದಲಾಯಿಸುತ್ತ ಕೂತರೆ ಪ್ರಯೋಜನವಿಲ್ಲ. ಬೀಡು, ಉಕ್ಕು ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ. ಬಿಸಿಯಾದರೂ ಸಂದು ಇದ್ದಷ್ಟೇ ಇರುತ್ತದೆ.

ಮರಳಿನಚ್ಚಿನ ಎರಕದ ತುಂಡು ಬೇಡ, ಒಳಗೆ ಗುಳ್ಳೆ ಇರುತ್ತದೆ. ಕಂಟಿನ್ಯುಯಸ್ ಕಾಸ್ಟ್ ಸರಳು ತಂದು ಮೇಲಿನ ಗಟ್ಟಿ ಪದರ ಮೂರು ಮಿ.ಮೀ. ತೆಗೆದುಹಾಕಿ. ಅಡ್ಡ ತೂತುಗಳನ್ನು ಮೊದಲೇ ಕೊರೆದು, ಆಮೇಲೆ 5.8 ಡ್ರಿಲ್, 6ರ ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ). ಹೀಗಾದರೆ ತೂತಿನ ಬರ್ರ್ (ಅಂಚಿನಲ್ಲಿ ಉಳಿದ ಚೂರು) ರೀಮರಿಗೇ ಕತ್ತರಿಸಿಹೋಗುತ್ತದೆ. ನಂತರ ಹಿತ್ತಾಳೆಯ ಲ್ಯಾಪ್ (ಪೇಸ್ಟು ಹಚ್ಚಿ ಉಜ್ಜಿ ನಯ ಮಾಡುವ ಕಡ್ಡಿ). ಬೋರ್ 6.01 ಬರಲಿ, 6.02 ಬರಲಿ, ಚಿಂತೆಯಿಲ್ಲ. ಉದ್ದಕ್ಕೂ ಒಂದೇ ಸಮ ಬಂದರೆ ಸಾಕು. ಬೋರಿಗೆ ತಕ್ಕಂತೆ ಸ್ಪೂಲ್ ಮಾಡುವುದು, ಸ್ಪೂಲಿಗೆ ಬೋರ್ ಹೊಂದಿಸುವುದಲ್ಲ. ಹಾಗಾಗಿ 6ರ ಸಿದ್ಧ ಸಿಲ್ವರ್ ಸ್ಟೀಲ್ (ನಿಖರ ಅಳತೆಗೆ ಸಾಣೆ ಹಿಡಿದ ಉಕ್ಕು) ಸರಳು ಕೆಲಸಕ್ಕೆ ಬಾರದು. 8ರದ್ದನ್ನು ಇಳಿಸಿ, ಮಿ.ಮೀ.ನ ಒಂದೆರಡು ನೂರಾಂಶ ಉಳಿಸಿ, ರಿಂಗ್ ಲ್ಯಾಪಿನಲ್ಲಿ ಮುಗಿಸಬೇಕು. ಎರಡನ್ನೂ ಒಂದರೊಳಗೊಂದು ಹಾಕಿ ಪೇಸ್ಟು ಹಚ್ಚಿ ಉಜ್ಜುವುದು ಸುಲಭವೆನಿಸುತ್ತದೆ, ಆದರೆ ಅಂಚುಗಳು ದುಂಡಾಗಿ ಕೆಲಸ ಕೆಡುತ್ತದೆ. ಅಂಚು ಚೂಪಾಗಿಯೇ ಇರಬೇಕು. ಕೊನೆಯ ಪೇಸ್ಟಿಗೆ ಏನು ಬೆರೆಸುತ್ತೇನೆ ಎನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಪರೀಕ್ಷೆ ಹೀಗೆ: ಒರೆಸಿದ ಸ್ಪೂಲಿಗೆ ಎಣ್ಣೆ ಸವರಿ, ಬಾಡಿಯನ್ನು ನೆಟ್ಟಗೆ ಹಿಡಿದು, ಕೆಳಗಿನ ಬಾಯಿಯನ್ನೂ ಅಡ್ಡ ತೂತುಗಳನ್ನೂ ಬೆರಳಿನಿಂದ ಮುಚ್ಚಿ, ಸ್ಪೂಲನ್ನು ಮೇಲಿನ ಬಾಯಿಂದ ಒಳಗೆ ಬಿಡಿ. ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರುತ್ತ ಹೋದರೆ ಸರಿ. ಟಪ್ಪನೆ ಬಿದ್ದರೆ ಇನ್ನೊಂದು ಸ್ಪೂಲ್ ಮಾಡಿ. ಅಲ್ಲಲ್ಲೇ ಅಂಟಿ ನಿಂತರೆ ಬೋರ್ ಡೊಂಕಾಗಿದೆ. ಪ್ರತಿ ಲ್ಯಾಂಡಿನ (ಸ್ಪೂಲಿನ ದಪ್ಪ ಭಾಗದ) ಮೇಲೆ 0.3 ಮಿ.ಮೀ. ಅಗಲದ ಎರಡು ಮೂರು ಗೆರೆ ತೆಗೆಯದಿದ್ದರೆ ಒತ್ತಡ ಸ್ಪೂಲನ್ನು ಒಂದು ಪಕ್ಕಕ್ಕೆ ಒತ್ತಿಬಿಡುತ್ತದೆ, ಸ್ಪೂಲನ್ನು ಸರಿಸುವ ಸರ್ವೋ ಮೋಟಾರು ಗುಂಯ್‌ಗುಡುತ್ತದೆ. ಓವರ್‌ಲ್ಯಾಪ್ (ಲ್ಯಾಂಡ್ ತೂತನ್ನು ಮೀರಿ ಮುಚ್ಚುವ ಅಗಲ) ಅರ್ಧ ಮಿ.ಮೀ. ಇಟ್ಟಿದ್ದೇನೆ, ಸ್ಟಿಕ್ಕಿನಲ್ಲಿ (ರೇಡಿಯೋದ ಹಿಡಿಯಲ್ಲಿ) ಬರುವ ಸತ್ತ ಜಾಗವನ್ನು ರೇಡಿಯೋದಲ್ಲೇ ಹಾರಿಸಿದರಾಯಿತು.

ಮರೆ ಕೀಳುವ ಭಯ ಪೂರ್ತಿ ಸುಳ್ಳಲ್ಲ. ಟೇಪರ್ (ತುದಿಗೆ ಸಣ್ಣಗಾಗುವ) ಮರೆ ಬಿಗಿದರೆ ಬೀಡು ಸೀಳುತ್ತದೆ. ಎಂ5 ನೇರ ಮರೆ ಹಾಕಿ, ಮುಖದ ಮೇಲೆ ಓ-ರಿಂಗ್ ಕೂರಿಸಿದರೆ ಜೋರಾಗಿ ಬಿಗಿಯುವ ಅಗತ್ಯವೇ ಬೀಳುವುದಿಲ್ಲ.

ಖರ್ಚಿನ ಮಾತು. ಐದು ಸ್ಪೂಲಿನ ಸಿದ್ಧ ಬ್ಲಾಕಿನ ಹಣದಲ್ಲಿ ರೀಮರ್, ಒಳ್ಳೆಯ ಮೈಕ್ರೋಮೀಟರ್, ಸರಳು ಎಲ್ಲ ಬಂದು ಅರ್ಧಕ್ಕಿಂತ ಜಾಸ್ತಿ ಉಳಿಯಿತು. ಅದನ್ನು ಪಂಪಿಗೆ ಸುರಿದೆ, ಅಲ್ಲಿ ಕೈ ಬಿಗಿ ಹಿಡಿಯಬಾರದು. ಅಗ್ಗದ ಗೇರ್ ಪಂಪು ಬಿಸಿ ಮಾಡುವುದಕ್ಕೇ ಹುಟ್ಟಿದ್ದು. ಸ್ಟಿಕ್ಕು ಸುಮ್ಮನಿದ್ದಾಗ ಮೋಟಾರು ಮೆಲ್ಲಗೆ, ಎಳೆದಷ್ಟೂ ಜೋರಾಗಿ ತಿರುಗುವಂತೆ ರೇಡಿಯೋದಲ್ಲಿ ಎರಡನ್ನೂ ಜೋಡಿಸಿ (ಮಿಕ್ಸ್ ಮಾಡಿ). ಒತ್ತಡ ಮೀರಿದರೆ ತೆರೆದುಕೊಳ್ಳುವ ರಿಲೀಫ್ ವಾಲ್ವಿನಲ್ಲಿ ಎಣ್ಣೆ ಸುಮ್ಮನೆ ಕುದಿಯುವುದು ತಪ್ಪುತ್ತದೆ.

ಸಿಲಿಂಡರ್ ಎಲ್ಲರಿಗೂ ಗೊತ್ತು, ಎರಡೇ ಮಾತು: ಬೆಳ್ಳಿ ಬೆಸುಗೆ ಮುಗಿಸಿದ ಮೇಲೇ ಒಳಗೆ ಹೋನ್ ಮಾಡಿ (ಉಜ್ಜಿ ನಯಗೊಳಿಸಿ), ಏಕೆಂದರೆ ಬೆಸುಗೆಯ ಬಿಸಿಗೆ ಕೊಳವೆ ಸೊಟ್ಟಗಾಗುತ್ತದೆ, ಪಿಸ್ಟನ್ನಿನ ಓ-ರಿಂಗ್ ಯಾವ ತುದಿಯಲ್ಲೂ ಎಣ್ಣೆಯ ತೂತು ದಾಟದಿರಲಿ, ದಾಟಿದರೆ ಕತ್ತರಿಸುತ್ತದೆ.

ನಡುವೆ ಮಣ್ಣಿನ ಆಟವೂ ನಡೆಯಿತು. ಒಂದು ಘನಮೀಟರಿನ ಬಕೆಟ್ ನಮ್ಮ ಅಳತೆಗೆ 364 ಮಿ.ಲೀ.; ಒಣ ಮರಳಾದರೆ 600 ಗ್ರಾಂ ಹತ್ತಿರ. ಯಂತ್ರ ಕುಗ್ಗುತ್ತದೆ, ಮಣ್ಣಿನ ಅಂಟು ಕುಗ್ಗುವುದಿಲ್ಲ. ಒದ್ದೆ ಜೇಡಿ ಬಕೆಟ್ಟಿನಿಂದ ಬೀಳಲೇ ಇಲ್ಲ. ಎರಡು ಮಿ.ಮೀ. ಜರಡಿ ಹಿಡಿದು, ಕೈಯಲ್ಲಿ ಹಿಚುಕಿದರೆ ಉಂಡೆ ನಿಲ್ಲದಷ್ಟು ಒಣಗಿಸಿದ ಮಣ್ಣು ಚೆನ್ನಾಗಿ ಕಾಣುತ್ತದೆ. ಪಿನ್ನುಗಳಿಗೆ ಮಾತ್ರ ಗ್ರೀಸ್ ಹಚ್ಚಬೇಡಿ, ಮರಳು ಹಿಡಿದು ಅರೆಯುತ್ತದೆ. ಆಯಿಲ್‌ಲೆಸ್ (ಎಣ್ಣೆ ಹಾಕಬೇಕಿಲ್ಲದ) ಕಂಚಿನ ಬುಷ್ ಹಾಕಿ.

ಬೀಡಿಗೊಂದು ದೋಷವಿದೆ: ಎಷ್ಟು ತೊಳೆದರೂ ಮೊದಲ ಓಟದಲ್ಲಿ ಕಪ್ಪು ಪುಡಿ ಬಿಡುತ್ತದೆ. ಟ್ಯಾಂಕಿನ ತಳದಲ್ಲೊಂದು ಅಯಸ್ಕಾಂತ, ರಿಟರ್ನಿನಲ್ಲಿ ಫಿಲ್ಟರ್ ಇಟ್ಟು, ಲೋಡಿಲ್ಲದೆ ಅರ್ಧ ಗಂಟೆ ಓಡಿಸಿ, ಆ ಎಣ್ಣೆಯನ್ನು ಪೂರ್ತಿ ತೆಗೆದುಹಾಕಿ. ಸೋಸಿ ಮತ್ತೆ ತುಂಬುವ ಉಳಿತಾಯಕ್ಕೆ ಇಳಿದರೆ ಪಂಪಿನ ಗೇರು ಗೀರಿಕೊಳ್ಳುತ್ತದೆ.