ಹಾರ್ಮೋನ್ ಬಿಡಲಿಲ್ಲ, ಅಳತೆ ಸರಿ ಮಾಡಿಕೊಂಡೆ: ನನ್ನ ಅನುಭವ

ನಿನ್ನೆ ರಾತ್ರಿ ಹತ್ತೂವರೆಗೆ ಮಲಗಿದವಳು ಬೆಳಿಗ್ಗೆ ಐದೂಕಾಲಿಗೆ ಎದ್ದೆ. ನಡುವೆ ಒಮ್ಮೆಯೂ ಎಚ್ಚರ ಆಗಲಿಲ್ಲ, ದಿಂಬು ಒದ್ದೆ ಇರಲಿಲ್ಲ. ಹೀಗೆ ನಾಲ್ಕು ತಿಂಗಳು ಆಯಿತು, ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಮುಟ್ಟು ನಿಂತ ಮೇಲೆ ಬರುವ ಕಾವು, ಬೆವರಿಗೆ ನಾನು ಹಾರ್ಮೋನ್ ತಗೊಳ್ತಿದ್ದೇನೆ. ಎರಡು ವರ್ಷದ ಹಿಂದೆ ನಮ್ಮ ಅತ್ತಿಗೆ "ಆ ಮಾತ್ರೆ ಬಿಟ್ಟುಬಿಡಮ್ಮ, ನಮ್ಮವ್ವ, ನಮ್ಮಜ್ಜಿ ಇದನ್ನೆಲ್ಲ ನುಂಗಿದ್ರಾ?" ಅಂದಿದ್ದರು. ಮನೆ ಹತ್ತಿರದ ಡಾಕ್ಟರು ಚೀಟಿ ನೋಡಿದವರೇ "ಕ್ಯಾನ್ಸರ್ ಬರುತ್ತೆ" ಅಂತ ಒಂದೇ ಮಾತಲ್ಲಿ ಮುಗಿಸಿದರು. ನಾನು ಬಿಡಲಿಲ್ಲ.

ನುಂಗುವ ಮಾತ್ರೆ ಆಗಲಿ, ಚರ್ಮಕ್ಕೆ ಹಚ್ಚುವ ಜೆಲ್ ಆಗಲಿ, ಎರಡರಲ್ಲೂ ಇರೋದು ಈಸ್ಟ್ರೊಜೆನ್ ಅನ್ನೋ ಹಾರ್ಮೋನ್. ಅದೊಂದನ್ನೇ ತಗೊಂಡರೆ ಗರ್ಭಕೋಶದ ಒಳಪದರ ದಪ್ಪ ಆಗಬಹುದು, ಅದಕ್ಕೇ ಗರ್ಭಕೋಶ ಇದ್ದವರಿಗೆ ಜೊತೆಗೆ ಪ್ರೊಜೆಸ್ಟೆರಾನ್ ಅನ್ನೋ ಇನ್ನೊಂದು ಹಾರ್ಮೋನ್ ಬೇಕು. ನಾನು ಎಲ್ಲಿ ಎಡವಿದೆ, ಎಷ್ಟು ದುಡ್ಡು ಹೋಯಿತು, ಕೊನೆಗೆ ಹೇಗೆ ಸರಿ ಹೋಯಿತು ಅನ್ನೋದನ್ನಷ್ಟೇ ಹೇಳ್ತೀನಿ.

ದಾವಣಗೆರೆಯಲ್ಲಿ ನನ್ನದು ಲೇಡೀಸ್ ಟೈಲರಿಂಗ್ ಅಂಗಡಿ, 22 ವರ್ಷದಿಂದ. ಮುಟ್ಟು ನಿಂತಾಗ 48. ಅಲ್ಲಿಂದ ಶುರುವಾಯಿತು ನೋಡಿ. ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿರುವಾಗ ಕುತ್ತಿಗೆಯಿಂದ ಕಾವು ಏರಿ ಕಿವಿವರೆಗೆ ಬರೋದು, ಬೆವರು ಗಲ್ಲದಿಂದ ತೊಟ್ಟಿಕ್ಕೋದು. ಗಿರಾಕಿಯ ಕ್ರೀಮ್ ಬಣ್ಣದ ರೇಷ್ಮೆ ಬ್ಲೌಸಿನ ಮೇಲೆ ಒಂದು ಹನಿ ಬಿದ್ದು ಕಲೆಯಾಗಿ, ಆ ಬಟ್ಟೆಯ ದುಡ್ಡು ನಾನೇ ಕೊಟ್ಟೆ. ದಿನಕ್ಕೆ 10–12 ಸಲ, ರಾತ್ರಿ ಮೂರು ಸಲವಾದರೂ. ನಿದ್ದೆ ಇಲ್ಲದೆ ಕತ್ತರಿ ಹಿಡಿದರೆ ತಪ್ಪಾಗುತ್ತದೆ. ಆ ತಿಂಗಳು ಎರಡು ತೋಳು ಉಲ್ಟಾ ಕತ್ತರಿಸಿದೆ.

ಸ್ತ್ರೀರೋಗ ತಜ್ಞೆ ಹತ್ತಿರ ಹೋದೆ. ಮ್ಯಾಮೋಗ್ರಾಂ, ಸ್ಕ್ಯಾನ್, ರಕ್ತ ಎಲ್ಲ ನೋಡಿ ಈಸ್ಟ್ರಡಯಾಲ್ (ಈಸ್ಟ್ರೊಜೆನ್‌ನ ಒಂದು ರೂಪ) 2 ಮಿಲಿಗ್ರಾಂ ಮಾತ್ರೆ ಕೊಟ್ಟರು, ಜೊತೆಗೆ ತಿಂಗಳಿಗೆ 12 ದಿನ ಪ್ರೊಜೆಸ್ಟೆರಾನ್ 200 ಮಿಲಿಗ್ರಾಂ. ಮೂರೇ ವಾರಕ್ಕೆ ಕಾವು ನಿಂತಿತು. ಖುಷಿಯೋ ಖುಷಿ. ಆದರೆ ಎದೆ ಮುಟ್ಟಿದರೆ ನೋವು, ಎಡಗಡೆ ತಲೆನೋವು, ಬೆಳಿಗ್ಗೆ ವಾಕರಿಕೆ. ಟೇಪು ಹಿಡಿದು ನೋಡಿದೆ, ಎದೆ ಅಳತೆ ಮುಕ್ಕಾಲು ಇಂಚು ಜಾಸ್ತಿ. ನನ್ನ ಬ್ಲೌಸಿಗೇ ಹುಕ್ಸ್ ಹತ್ತಲಿಲ್ಲ. ಪ್ರೊಜೆಸ್ಟೆರಾನ್ ದಿನಗಳಲ್ಲಿ ಸಂಜೆ ಹೊತ್ತಿಗೆ ಸೊಂಟ ಬೆಳಿಗ್ಗೆಗಿಂತ ಒಂದೂವರೆ ಇಂಚು ದಪ್ಪ, ಅಷ್ಟು ಹೊಟ್ಟೆ ಉಬ್ಬರ. ಯಾರಾದರೂ "ಬ್ಲೌಸ್ ಆಯ್ತಾ?" ಅಂತ ಕೇಳಿದರೆ ಅಳು ಬರೋದು.

ಇಲ್ಲಿಯೇ ಎಲ್ಲರೂ ಬಿಟ್ಟುಬಿಡುತ್ತಾರೆ. ನನಗೆ ತೋಚಿದ್ದು ಬೇರೆ. ಬ್ಲೌಸ್ ಬಿಗಿಯಾಯಿತು ಅಂತ ಬಟ್ಟೆ ಬಿಸಾಕ್ತೀವಾ? ಹೊಲಿಗೆ ಬಿಚ್ಚಿ ಎಲ್ಲಿ ಬಿಗಿ ಅಂತ ನೋಡ್ತೀವಿ. ಹಳೇ ಆರ್ಡರ್ ಬುಕ್ ಒಂದನ್ನು ತೆಗೆದು, ದಿನಾ ರಾತ್ರಿ ಕಾವು ಎಷ್ಟು ಸಲ, ತಲೆನೋವು ಇತ್ತಾ, ಸೊಂಟ ಎಷ್ಟು, ನಿದ್ದೆ ಎಷ್ಟು ಗಂಟೆ ಅಂತ ಬರೆಯೋದಕ್ಕೆ ಶುರು ಮಾಡಿದೆ. ಡಾಕ್ಟರಿಗೆ ತೋರಿಸಿದಾಗ ಅವರು ಐದು ನಿಮಿಷ ಕೂತು ಓದಿದರು. ಅದಕ್ಕೂ ಮೊದಲು ನನ್ನ ಪಾಳಿ ಒಟ್ಟು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು.

ಮಾತ್ರೆ 1 ಮಿಲಿಗ್ರಾಂಗೆ ಇಳಿಸಿದರು. ಎದೆ ನೋವು ಹತ್ತು ದಿನದಲ್ಲಿ ಹೋಯಿತು, ತಲೆನೋವು ಹೋಗಲಿಲ್ಲ. ಆಮೇಲೆ ಜೆಲ್‌ಗೆ ಬದಲಾಯಿಸಿದರು. ಚರ್ಮದ ಮೂಲಕ ಹೋದರೆ ಮಟ್ಟ ಏರಿಳಿಯೋದು ಕಡಿಮೆ, ರಕ್ತ ಹೆಪ್ಪುಗಟ್ಟುವ ಭಯವೂ ಮಾತ್ರೆಗಿಂತ ಕಡಿಮೆ ಅಂದರು. ನನ್ನ ತಲೆನೋವಿಗೆ ಇದು ನಿಜಕ್ಕೂ ಹಿಡಿಸಿತು. ತಿಂಗಳಿಗೆ ಎಂಟು ಸಲ ಬರುತ್ತಿದ್ದದ್ದು ಒಂದಕ್ಕೆ ಬಂತು.

ಈಗ ನನ್ನ ದೊಡ್ಡ ತಪ್ಪು. ಉಬ್ಬರ ತಾಳಲಾರದೆ, ಯಾರಿಗೂ ಹೇಳದೆ ಪ್ರೊಜೆಸ್ಟೆರಾನ್ ಎರಡು ತಿಂಗಳು ಬಿಟ್ಟೆ. ಜೆಲ್ ಮಾತ್ರ ಹಚ್ಚುತ್ತಿದ್ದೆ. ಹೊಟ್ಟೆ ಹಗುರ, ಮನಸ್ಸು ಹಗುರ, ಗೆದ್ದೆ ಅಂದುಕೊಂಡೆ. ಮೂರನೇ ತಿಂಗಳು ರಕ್ತದ ಕಲೆ ಕಾಣಿಸಿತು. ಸ್ಕ್ಯಾನ್‌ನಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿ 8 ಮಿಲಿಮೀಟರ್ ಹತ್ತಿರ ಬಂದಿತ್ತು. ಒಳಪದರದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಸ್ಕ್ಯಾನ್, ಲ್ಯಾಬ್, ಓಡಾಟ ಸೇರಿ 7,000 ಹತ್ತಿರ ಹೋಯಿತು. ರಿಪೋರ್ಟ್ ಬರುವ ತನಕ ಒಂಬತ್ತು ದಿನ ನಾನು ಮಷಿನ್ ಮುಂದೆ ಕೂತರೂ ಸೂಜಿಗೆ ದಾರ ಪೋಣಿಸಲಿಲ್ಲ. ಏನೂ ಇಲ್ಲ ಅಂತ ಬಂತು, ದೇವರು ದೊಡ್ಡವನು. ಗರ್ಭಕೋಶ ಇದ್ದವರು ಈ ಒಂದನ್ನು ಮಾತ್ರ ಸ್ವಂತ ಬುದ್ಧಿಯಿಂದ ಬಿಡಬೇಡಿ, ಕೈಮುಗಿದು ಹೇಳ್ತೀನಿ. ಬಿಡೋದರ ಬದಲು ತಗೊಳ್ಳುವ ರೀತಿ ಬದಲಾಯಿಸೋಕೆ ಆಗುತ್ತಾ ಅಂತ ಕೇಳಿ.

ನಾನು ಕೇಳಿದೆ. ಮೊದಲು 12 ದಿನ 200ರ ಬದಲು ದಿನಾ ರಾತ್ರಿ 100 ಮಾಡಿದರು. ಪ್ರೊಜೆಸ್ಟೆರಾನ್ 12 ದಿನ ಮುಗಿದಾಗ ತಿಂಗಳಿಗೊಮ್ಮೆ ಬರುತ್ತಿದ್ದ ಸ್ರಾವ ನಿಂತಿತು, ಆದರೆ ಬೆಳಿಗ್ಗೆ ತಲೆ ಗಿಮ್ ಅನ್ನೋದು. ಪುಸ್ತಕ ನೋಡಿದರೆ ಮುದ್ದೆ ಊಟ ಮಾಡಿದ ಕೂಡಲೇ ನುಂಗಿದ ದಿನವೇ ಜಾಸ್ತಿ. ಹೊಟ್ಟೆ ತುಂಬಿದ್ದಾಗ ಆ ಕ್ಯಾಪ್ಸೂಲ್ ಹೆಚ್ಚು ಹೀರಿಕೊಳ್ಳುತ್ತದಂತೆ. ಊಟವಾಗಿ ಎರಡು ಗಂಟೆ ಬಿಟ್ಟು, ಮಲಗುವ ಮುಂಚೆ ನುಂಗಿದೆ, ಗಿಮ್ ಅನ್ನೋದು ಅರ್ಧ ಕಡಿಮೆ. ಉಬ್ಬರ ಮಾತ್ರ ಹೋಗಲಿಲ್ಲ. ಕೊನೆಗೆ ಡಾಕ್ಟರೇ ನುಂಗುವ ಬದಲು ಯೋನಿಯಲ್ಲಿ ಇಟ್ಟುಕೊಳ್ಳಲು ಹೇಳಿದರು. ಇದನ್ನು ಬರೆಯೋಕೆ ನಾಚಿಕೆ ಯಾಕೆ? ಹತ್ತೇ ದಿನಕ್ಕೆ ಸಂಜೆ ಸೊಂಟ, ಬೆಳಿಗ್ಗೆ ಸೊಂಟ ಎರಡೂ ಒಂದೇ ಅಳತೆಗೆ ಬಂದವು. ಅಳುವೂ ಹೋಯಿತು.

ಇನ್ನೊಂದು ವಿಷಯ, ಇದನ್ನು ಹಿಡಿದದ್ದು ನಾನೇ. ನನಗೆ ಥೈರಾಯ್ಡ್ ಇದೆ, 75 ಮೈಕ್ರೋಗ್ರಾಂ ಮಾತ್ರೆ. ಹಾರ್ಮೋನ್ ಮಾತ್ರೆ ಶುರುವಾದ ಎರಡು ತಿಂಗಳಿಗೆ ಟಿಎಸ್‌ಎಚ್ (ಥೈರಾಯ್ಡ್ ಸಾಲದಿದ್ದರೆ ಏರುವ, ಜಾಸ್ತಿಯಾದರೆ ಇಳಿಯುವ ರಕ್ತದ ಲೆಕ್ಕ) 7 ದಾಟಿತ್ತು, ಥೈರಾಯ್ಡ್ ಡೋಸ್ 100ಕ್ಕೆ ಏರಿಸಿದ್ದರು. ಜೆಲ್‌ಗೆ ಬಂದ ಮೇಲೆ ಎದೆ ಡವಡವ, ಕೈ ನಡುಕ, ಸಣ್ಣ ಹುಕ್ಸ್ ಹಚ್ಚೋಕೆ ಆಗದಷ್ಟು. ಎಲ್ಲರೂ ಜೆಲ್ ಮೇಲೆ ಗೂಬೆ ಕೂರಿಸಿದರು. ನಾನು ಪುಸ್ತಕದ ತಾರೀಖು ಹಿಂದೆ ಮುಂದೆ ತಿರುವಿದೆ. ಡವಡವ ಶುರುವಾದದ್ದು ಜೆಲ್ ಹಚ್ಚಿದ ದಿನವಲ್ಲ, ಹಾರ್ಮೋನ್ ಮಾತ್ರೆ ನಿಲ್ಲಿಸಿದ ಐದಾರು ವಾರಕ್ಕೆ. ನುಂಗುವ ಈಸ್ಟ್ರೊಜೆನ್ ಇದ್ದರೆ ಥೈರಾಯ್ಡ್ ಮಾತ್ರೆ ಜಾಸ್ತಿ ಬೇಕಾಗಬಹುದು, ಜೆಲ್‌ಗೆ ಹಾಗಿಲ್ಲ. ಅಂದರೆ ನನಗೆ ಈಗ ಥೈರಾಯ್ಡ್ ಡೋಸ್ ಹೆಚ್ಚಾಗಿತ್ತು. ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ 0.2. ಮತ್ತೆ 75ಕ್ಕೆ ಇಳಿಸಿದರು, ತಿಂಗಳೊಳಗೆ ಕೈ ನೆಟ್ಟಗಾಯಿತು. ಡಾಕ್ಟರು "ಚೆನ್ನಾಗಿ ಗಮನಿಸಿದಿರಿ" ಅಂದರು. ನನಗೆ ಅದು ಸನ್ಮಾನಕ್ಕಿಂತ ಹೆಚ್ಚು.

ಜೆಲ್ ಬಗ್ಗೆ ಸ್ವಲ್ಪ. ಟ್ಯೂಬ್ ಜೊತೆ ಪ್ಲಾಸ್ಟಿಕ್ ಅಳತೆಪಟ್ಟಿ ಬರುತ್ತದೆ, ಒಂದು ಪೂರ್ತಿ ಅಳತೆ ಅಂದರೆ 2.5 ಗ್ರಾಂ, ಅದರಲ್ಲಿ 1.5 ಮಿಲಿಗ್ರಾಂ ಈಸ್ಟ್ರಡಯಾಲ್. ಪೂರ್ತಿಗೆ ಎದೆ ಬಿಗಿ, ಅರ್ಧಕ್ಕೆ ರಾತ್ರಿ ಕಾವು ವಾಪಸ್. ಮುಕ್ಕಾಲು ನನಗೆ ಸರಿಯಾಗಿ ಕೂತಿತು. 80 ಗ್ರಾಂ ಟ್ಯೂಬ್ ನೆನಪಿದ್ದ ಹಾಗೆ 700ರ ಆಸುಪಾಸು, ಮುಕ್ಕಾಲು ಅಳತೆಯಲ್ಲಿ ಆರು ವಾರ ಬರುತ್ತದೆ. ಮೊದಲು ತೋಳಿಗೆ ಹಚ್ಚುತ್ತಿದ್ದೆ, ಒಣಗುವ ಮುಂಚೆ ಬ್ಲೌಸ್ ತೋಳು ಎಳೆದುಕೊಂಡರೆ ಅರ್ಧ ಬಟ್ಟೆಗೇ. ಮೊಮ್ಮಗಳನ್ನು ಎತ್ತಿಕೊಂಡರೆ ಅವಳ ಮೈಗೂ ತಾಗುವ ಭಯ, ಮಕ್ಕಳಿಗೆ ಇದು ತಾಗಲೇಬಾರದು. ಈಗ ಸ್ನಾನವಾದ ಮೇಲೆ ತೊಡೆಗೆ, ಐದು ನಿಮಿಷ ಫ್ಯಾನ್ ಕೆಳಗೆ, ಆಮೇಲೆ ಕೈ ತೊಳೆಯೋದು. ಬೇಸಿಗೆಗೆ ಬೇರೆ ಒಂದು ಚಿಕ್ಕ ಹೊಂದಾಣಿಕೆ ಮಾಡಿಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ. ಅದು ನನ್ನ ಮೈಗೆ ನನ್ನ ಡಾಕ್ಟರು ಒಪ್ಪಿದ ಲೆಕ್ಕ, ಬೇರೆಯವರು ನಕಲು ಮಾಡಿದರೆ ನನಗೆ ನಿದ್ದೆ ಬರಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಅಗಸೆ ಚಟ್ನಿಪುಡಿ ಮೂರು ತಿಂಗಳು ದಿನಾ ತಿಂದೆ, ರೊಟ್ಟಿ ಜೊತೆ ಬಲು ರುಚಿ, ಹೊಟ್ಟೆ ಸಾಫ್, ಕಾವಿಗೆ ಏನೂ ಆಗಲಿಲ್ಲ. ಚಪಾತಿ ಹಿಟ್ಟಿಗೆ ಸೋಯಾ ಹಾಕಿದೆ, ನಮ್ಮನೆಯವರು ತಟ್ಟೆ ಪಕ್ಕಕ್ಕೆ ಸರಿಸಿದರು. ಶತಾವರಿ ಪುಡಿಗೆ 900 ಹೋಯಿತು. ಸಂಜೆ ಕಾಫಿ ಬಿಟ್ಟದ್ದು ಮಾತ್ರ ನಿದ್ದೆಗೆ ಸಹಾಯ ಆಯಿತು.

ಲಂಡನ್‌ನಲ್ಲಿರುವ ನನ್ನ ತಂಗಿ ಪ್ಯಾಚ್, ಅಂದರೆ ಚರ್ಮಕ್ಕೆ ಅಂಟಿಸುವ ಹಾರ್ಮೋನ್ ಪಟ್ಟಿ, ಹಚ್ಚುತ್ತಾಳೆ. ಅಲ್ಲಿ 2023ರ ಏಪ್ರಿಲ್‌ನಿಂದ ವರ್ಷಕ್ಕೆ ಒಮ್ಮೆ 20 ಪೌಂಡಿನಷ್ಟು ಕಟ್ಟಿದರೆ ವರ್ಷಪೂರ್ತಿ ಹಾರ್ಮೋನ್ ಔಷಧಿ ಸಿಗುತ್ತದೆ. ನನಗೆ ಎಲ್ಲ ಸರಿಹೋದ ಮೇಲೂ ತಿಂಗಳಿಗೆ 1,200 ಹತ್ತಿರ, ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ, ಸ್ಕ್ಯಾನ್ ಬೇರೆ. ನನ್ನ ಇನ್ಶೂರೆನ್ಸ್ ಒಂದು ರೂಪಾಯಿ ಕೊಡಲ್ಲ. ಮುಟ್ಟು ನಿಂತ ಹೆಂಗಸಿನ ನಿದ್ದೆಗೆ ನಮ್ಮಲ್ಲೂ ಅಷ್ಟು ಬೆಲೆ ಇರಬೇಕಿತ್ತು.

ಕ್ಯಾನ್ಸರ್ ಮಾತಿಗೆ ಬಂದರೆ, ಎಲ್ಲರೂ ಹೆದರಿದ್ದು ಹಾರ್ಮೋನ್ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತು ಅಂದ 2002ರ ಅಮೆರಿಕದ ಅಧ್ಯಯನದಿಂದ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63, ಔಷಧಿಯೂ ಬೇರೆ, ಗರ್ಭಿಣಿ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೊಜೆನ್. ಹಾಗಂತ ಅಪಾಯವೇ ಇಲ್ಲ ಅಂತ ನಾನು ಹೇಳಲ್ಲ. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟಿದವರು, ಲಿವರ್ ತೊಂದರೆ ಇರುವವರು ನನ್ನ ಮಾತು ಕೇಳಿ ಶುರು ಮಾಡಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಆರರಿಂದ ಎಂಟು ವಾರ ಕಾಯೋದು, ಇಷ್ಟು ಮಾತ್ರ ನಾನು ಈಗ ಬಿಡದೆ ಪಾಲಿಸುತ್ತೇನೆ. ಎರಡು ಒಟ್ಟಿಗೆ ಬದಲಾಯಿಸಿದ ಪ್ರತಿ ಸಲವೂ ಯಾವುದರಿಂದ ಏನಾಯಿತು ಅಂತ ಗೊತ್ತಾಗದೆ ತಿಂಗಳುಗಟ್ಟಲೆ ಹಾಳಾಗಿದೆ.

ಹೋದ ವಾರ ಅತ್ತಿಗೆ ಫಾಲ್ ಹಚ್ಚಿಸೋಕೆ ಸೀರೆ ತಂದಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮ ಮಗಳಿಗೂ ರಾತ್ರಿ ಹಾಗೇ ಆಗ್ತಿದೆ ಕಣಮ್ಮ, ನಿಮ್ಮ ಡಾಕ್ಟರ ಹತ್ತಿರ ಒಂದ್ಸಲ ಕರ್ಕೊಂಡು ಹೋಗ್ತೀಯಾ?" ಅಂದರು. ಗುರುವಾರಕ್ಕೆ ಹೆಸರು ಬರೆಸಿದ್ದೇನೆ. ಅವಳಿಗೂ ಒಂದು ಹಳೇ ಆರ್ಡರ್ ಬುಕ್ ತೆಗೆದಿಟ್ಟಿದ್ದೇನೆ.